ಸುಳೇಭಾವಿಯ ಹುಡುಗ, ದೇವಾಸದ ವಾಗ್ಗೇಯಕಾರ

ಕುಮಾರ ಗಂಧರ್ವರ ಕಥೆ ಹೇಳುವವರು ಬಹುಮಟ್ಟಿಗೆ ಕ್ಷಯರೋಗದಿಂದಲೇ ಶುರುಮಾಡುತ್ತಾರೆ. ಎಳೆಯ ವಯಸ್ಸಿಗೇ ದೇಶವೆಲ್ಲ ಹೆಸರಾದ ಹಾಡುಗಾರ ಹಾಸಿಗೆ ಹಿಡಿದ. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. ಐದಾರು ವರ್ಷ ಬಾಯಿ ಕಟ್ಟಿತು. ಎದ್ದು ಬಂದಾಗ ಬೇರೆಯೇ ಗಾಯಕನಾಗಿದ್ದ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹೀಗೆ ಹೇಳಿದಾಗ ರೋಗಕ್ಕೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಶ್ರೇಯಸ್ಸು ಸಂದುಬಿಡುತ್ತದೆ. ಬೆಳಗಾವಿಯ ಕಡೆಯಿಂದ ನೋಡಿದರೆ ಕಥೆ ಇನ್ನೂ ಎರಡು ದಶಕ ಹಿಂದಕ್ಕೆ ಸರಿಯುತ್ತದೆ. ಯಾವ ಘರಾಣೆಯ ಮನೆಯಲ್ಲೂ ಹುಟ್ಟದೆ, ಗುರುವಿನ ಮುಂದೆ ಕೂಡುವ ಮೊದಲೇ, ಬರೀ ಕೇಳಿ ಕೇಳಿ ಸಂಗೀತಗಾರನಾದ ಹುಡುಗನೊಬ್ಬ ಅಲ್ಲಿ ಸಿಗುತ್ತಾನೆ. ಮುಂದೆ ದೇವಾಸದ ಹಾಸಿಗೆಯ ಮೇಲೆ ಮಲಗಿ ಹೊಸ ರಾಗಗಳನ್ನು ಕಟ್ಟಿದವನೂ ಅವನೇ.

1924 ಬೆಳಗಾವಿಯ ಪಾಲಿಗೆ ದೊಡ್ಡ ವರ್ಷ. ಆ ಡಿಸೆಂಬರಿನಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಅಲ್ಲಿ ಹಾಡಿದವರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ ಕೂಡ ಇದ್ದರು. ಅದಕ್ಕೆ ಎಂಟು ತಿಂಗಳ ಹಿಂದೆ, ಏಪ್ರಿಲ್ 8ರಂದು, ನಗರದಿಂದ ಹೆಚ್ಚು ದೂರವಿಲ್ಲದ ಸುಳೇಭಾವಿಯಲ್ಲಿ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಹುಟ್ಟಿದ. ಸುಳೇಭಾವಿ ಎಂದರೆ ಮಹಾಲಕ್ಷ್ಮಿಯ ಗುಡಿ, ನೇಕಾರರ ಮಗ್ಗ. ಮನೆ ಲಿಂಗಾಯತ ಜಂಗಮರದು. ತಂದೆ ಸಿದ್ಧರಾಮಯ್ಯನವರಿಗೆ ಹಾಡುಗಾರಿಕೆ ಎಂದರೆ ಪ್ರಾಣ, ಸ್ವತಃ ಹಾಡುತ್ತಿದ್ದರು. ಮನೆಯಲ್ಲಿ ತಂಬೂರಿಯ ದನಿ ಇತ್ತು ನಿಜ, ಆದರೆ ತಲೆಮಾರುಗಳಿಂದ ಬಚ್ಚಿಟ್ಟುಕೊಂಡು ಬಂದ ಚೀಜುಗಳ, ಅಂದರೆ ರಾಗದ ಬಂದಿಶುಗಳ, ಗಂಟೇನೂ ಇರಲಿಲ್ಲ.

ಆ ಸೀಮೆಯಲ್ಲಿ ಸಂಗೀತ ಓಡಾಡುತ್ತಿದ್ದುದು ರೈಲು ಹಳಿಯ ಗುಂಟ. ಮೀರಜಿನಿಂದ ಹೊರಟ ಗಾಡಿ ಸುಳೇಭಾವಿಯನ್ನು ಹಾದು ಬೆಳಗಾವಿಗೆ, ಅಲ್ಲಿಂದ ಖಾನಾಪುರ ದಾಟಿ ಅದೇ ತಾಲೂಕಿನ ಲೋಂಡಾಕ್ಕೆ ಬರುತ್ತಿತ್ತು. ಲೋಂಡಾದಿಂದ ಒಂದು ದಾರಿ ಧಾರವಾಡ, ಹುಬ್ಬಳ್ಳಿಗೆ. ಇನ್ನೊಂದು ಕ್ಯಾಸಲ್‌ರಾಕ್ ಘಟ್ಟ ಇಳಿದು ಗೋವಾಕ್ಕೆ. ಒಂದು ತುದಿಯ ಮೀರಜಿನಲ್ಲಿ ತಂಬೂರಿ ಮಾಡುವವರ ಓಣಿ, ಅಬ್ದುಲ್ ಕರೀಂ ಖಾನರ ಮನೆ. ಇನ್ನೊಂದು ತುದಿಯಲ್ಲಿ ಅವರ ಶಿಷ್ಯ, ಕುಂದಗೋಳದ ಸವಾಯಿ ಗಂಧರ್ವರು. ಗೋವಾದ ಕಡೆಯಿಂದ ಬರುವ ಗಾಯಕಿಯರು, ಪುಣೆಯ ಕಡೆಯಿಂದ ಬರುವ ಮರಾಠಿ ನಾಟಕ ಕಂಪನಿಗಳು ಎಲ್ಲರಿಗೂ ಬೆಳಗಾವಿ ನಡುವಿನ ತಂಗುದಾಣ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ, ಭೀಮಸೇನ ಜೋಶಿ ಎಲ್ಲ ಹೆಚ್ಚುಕಡಿಮೆ ಇದೇ ಹದಿನೈದು ವರ್ಷಗಳೊಳಗೆ ಹುಟ್ಟಿದವರು. ಅವರೆಲ್ಲ ಗುರುಗಳನ್ನು ಹುಡುಕಿಕೊಂಡು ಹೋಗಿ ಒಂದೊಂದು ಘರಾಣೆಯ ಆಸರೆ ಹಿಡಿದರು. ಕೊಂಕಾಳಿಮಠದ ಹುಡುಗ ಮಾತ್ರ ಗ್ರಾಮೋಫೋನಿನ ಮುಂದೆ ಕೂತ.

ಆರೇಳು ವರ್ಷದ ತನಕ ಅವನು ಹಾಡಿದ್ದನ್ನು ಕೇಳಿದವರು ಕಡಿಮೆ. ಹಾಡಲು ಶುರುಮಾಡಿದಾಗ ಮನೆಯವರೇ ಬೆರಗಾದರು. ಅಬ್ದುಲ್ ಕರೀಂ, ಫೈಯಾಜ್ ಖಾನ್, ಸವಾಯಿ ಗಂಧರ್ವ, ಯಾರ ರೆಕಾರ್ಡ್ ಕೇಳಿದರೆ ಅವರದೇ ಗಾಯನ ಅವನ ಗಂಟಲಿಂದ ಹೊರಡುತ್ತಿತ್ತು. ಅದೇ ಆಲಾಪ, ಅದೇ ತಾನು, ಅದೇ ಉಸಿರೆಳೆತ. ಮಠದ ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂದು ಕರೆದರು. ಆ ಬಿರುದೇ ಮುಂದೆ ಹೆಸರಾಗಿ ಉಳಿಯಿತು. ತಂದೆ ಮಗನನ್ನು ಊರೂರು ಕರೆದುಕೊಂಡು ಹೋಗಿ ಕಚೇರಿ ಮಾಡಿಸಿದರು. ಇಂದಿನ ಕಣ್ಣಿಗೆ ಇದು ಕೊಂಚ ಕಸಿವಿಸಿ ಹುಟ್ಟಿಸುವ ಸಂಗತಿ. ಆಟವಾಡುವ ವಯಸ್ಸಿನ ಮಗು ವೇದಿಕೆಯ ಮೇಲೆ ಮುದುಕರ ಗಾಯನವನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸುವುದು.

ಇಲ್ಲೊಂದು ಮಾತು ಹೇಳಲೇಬೇಕು. ಆಗಿನ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷದ ಹಾಡು. ಬೈಠಕ್ಕಿನಲ್ಲಿ ಒಂದು ಗಂಟೆ ಹಿಗ್ಗುವ ಖಯಾಲನ್ನು ಉಸ್ತಾದರು ಆ ಮೂರು ನಿಮಿಷಕ್ಕೆ ಹಿಂಡಿ ಕೊಡುತ್ತಿದ್ದರು. ರಾಗದ ಮುಖ ಮೊದಲ ಸಾಲಿನಲ್ಲೇ ಕಾಣಬೇಕು. ಒಂದು ಸ್ವರವೂ ಪೋಲಾಗುವಂತಿಲ್ಲ. ನಮ್ಮ ಹುಡುಗ ಶಾಸ್ತ್ರೀಯ ಸಂಗೀತವನ್ನು ಮೊಟ್ಟಮೊದಲು ಅರಗಿಸಿಕೊಂಡದ್ದು ಈ ಅಳತೆಯಲ್ಲಿ. ಮುಂದೆ ಕುಮಾರರ ಗಾಯನದಲ್ಲಿ ಎಲ್ಲರೂ ಗುರುತಿಸಿದ ಬಿಗಿ, ಬಂದಿಶಿನ ಮುಖಡಾದಲ್ಲೇ ರಾಗವನ್ನು ಇಡಿಯಾಗಿ ತೋರಿಸಿಬಿಡುವ ಆತುರ, ಇವುಗಳ ಮೂಲವನ್ನು ಹಾಳಾದ ಶ್ವಾಸಕೋಶದಲ್ಲಿ ಹುಡುಕುವ ಬದಲು ಸುಳೇಭಾವಿಯ ಆ ತಟ್ಟೆಗಳಲ್ಲಿ ಹುಡುಕುವುದು ಲೇಸೆಂದು ನನಗೆ ಅನ್ನಿಸುತ್ತದೆ.

1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ಹನ್ನೊಂದರ ಪೋರ ಹಾಡಿದಾಗ ದೊಡ್ಡ ದೊಡ್ಡ ಉಸ್ತಾದರ ಮುಂದೆ ಸಭೆ ಅಲ್ಲೋಲಕಲ್ಲೋಲವಾಯಿತು. ಮರುವರ್ಷ ಮುಂಬಯಿಯ ಜಿನ್ನಾ ಹಾಲಿನಲ್ಲಿ ಅದೇ ಕಥೆ. ಆ ಕಚೇರಿಯ ಹಿಂದೆ ಇದ್ದವರು ಪ್ರೊ. ಬಿ. ಆರ್. ದೇವಧರ್. ಮೀರಜಿನವರು, ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಪಾಶ್ಚಾತ್ಯ ಸಂಗೀತವನ್ನೂ ಕ್ರಮವಾಗಿ ಅಭ್ಯಾಸ ಮಾಡಿದವರು. ಒಪೇರಾ ಹೌಸ್ ಬಳಿ ಅವರ ಸಂಗೀತ ಶಾಲೆ. ಅದು ಒಂದು ಘರಾಣೆಯ ಕೋಟೆಯಾಗಿರಲಿಲ್ಲ. ಗ್ವಾಲಿಯರಿನ ಸಿಂಧೆ ಖಾನರಂಥ ವಿಚಿತ್ರ ಪ್ರತಿಭೆಯಿಂದ ಹಿಡಿದು ಬಡೇ ಗುಲಾಂ ಅಲಿಯವರ ತನಕ ಬಗೆಬಗೆಯ ಗಾಯಕರು ಅಲ್ಲಿಗೆ ಬಂದು ಹೋಗುತ್ತಿದ್ದರು. ದೇವಧರರಿಗೆ ಚೀಜು ಸಂಗ್ರಹಿಸುವ ಹುಚ್ಚು. ಯಾರಲ್ಲಿ ಏನು ಸಿಕ್ಕರೂ ಬರೆದಿಟ್ಟುಕೊಳ್ಳುವರು.

ತಂದೆ ಮಗನನ್ನು ಅವರ ಕೈಗೆ ಒಪ್ಪಿಸಿದ್ದು ಈ ಕಥೆಯ ಮೊದಲ ತಿರುವು. ಎಲ್ಲರ ಹಾಡನ್ನೂ ಹಾಡಬಲ್ಲ ಹುಡುಗನಿಗೆ ತಾನು ಹಾಡುತ್ತಿರುವ ಸ್ವರ ಯಾವುದೆಂದು ಹೇಳಲು ಬರುತ್ತಿರಲಿಲ್ಲ. ದೇವಧರರು ಸಾ, ರೀಯಿಂದ ಕೂಡಿಸಿ ಕಲಿಸಿದರು. ಅನುಕರಣೆ ಬಿಡಿಸುವುದು ಸುಲಭದ ಕೆಲಸವಲ್ಲ, ಅದೂ ಅನುಕರಣೆಯಿಂದಲೇ ಹೆಸರು ಬಂದವನಿಗೆ. ಹತ್ತು ವರ್ಷ ಹಿಡಿಯಿತು. ನಡುವೆ ಭೇಂಡಿಬಜಾರ್ ಘರಾಣೆಯ ಅಂಜನೀಬಾಯಿ ಮಾಲ್ಪೇಕರರಲ್ಲೂ ಕಲಿತದ್ದಾಯಿತು. ಆಮೇಲೆ ಕುಮಾರರು ದೇವಧರರ ಶಾಲೆಯಲ್ಲೇ ಪಾಠ ಹೇಳಲು ಶುರುಮಾಡಿದರು. ಅಲ್ಲೇ ಕಲಿಯಲು ಬಂದ ಭಾನುಮತಿ ಕಂಸ್ ಅವರನ್ನು 1947ರಲ್ಲಿ ಮದುವೆಯಾದರು. ಆ ಹೊತ್ತಿಗೇ ಕೆಮ್ಮು ಶುರುವಾಗಿತ್ತು.

ಕ್ಷಯ ಎಂದು ವೈದ್ಯರು ಹೇಳಿದರು, ಹಾಡಬಾರದೆಂದೂ ಹೇಳಿದರು. ಮುಂಬಯಿಯ ತೇವದ ಗಾಳಿ ಬಿಟ್ಟು ಒಣಹವೆಯ ಊರು ಹುಡುಕಬೇಕಾಯಿತು. ಇಂದೋರಿನ ರಸಿಕ ರಾಮೂಭೈಯಾ ದಾತೆಯಂಥ ಸ್ನೇಹಿತರು ಮಾಳವದಲ್ಲಿದ್ದರು. ಹೀಗೆ 1948ರ ಜನವರಿಯ ಕೊನೆಗೆ ದಂಪತಿ ದೇವಾಸಕ್ಕೆ ಬಂದರು. ಬಂದ ದಿನ ಜನವರಿ 30, ದೆಹಲಿಯಲ್ಲಿ ಗಾಂಧೀಜಿಯ ಹತ್ಯೆಯಾದ ದಿನ ಎಂಬುದು ಆ ಮನೆಯ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿದೆ.

ದೇವಾಸ ಸಣ್ಣ ಊರು. ಹಿಂದೆ ಒಂದೇ ಊರಿನಲ್ಲಿ ಹಿರಿಯ, ಕಿರಿಯ ಎಂದು ಎರಡು ಸಂಸ್ಥಾನಗಳು. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಅಲ್ಲಿನ ಮಹಾರಾಜರ ಬಳಿ ಕೆಲಸಕ್ಕಿದ್ದು ಒಂದು ಪುಸ್ತಕವನ್ನೇ ಬರೆದ. ಊರ ತಲೆಯ ಮೇಲೆ ದೇವಿಯ ಟೇಕಡಿ, ತುಳಜಾ ಭವಾನಿ ಮತ್ತು ಚಾಮುಂಡೆಯ ಗುಡಿಗಳು. ರಜಬ್ ಅಲಿ ಖಾನರಂಥ ಹಿರಿಯ ಉಸ್ತಾದರಿಗೂ ಅದೇ ಊರು. ಭಾನುಮತಿ ಶಿಕ್ಷಕಿಯಾಗಿ ದುಡಿದು ಸಂಸಾರ ತೂಗಿಸಿದರು. ಬೆಳಗ್ಗೆ ಸಂಜೆ ಗಂಡನ ಶುಶ್ರೂಷೆ. ಕುಮಾರರ ಜೀವನಚರಿತ್ರೆಗಳಲ್ಲಿ ಈಕೆಗೆ ಸಿಗುವ ಜಾಗ ಯಾವಾಗಲೂ ಕಡಿಮೆಯೇ. 1943ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ನಮ್ಮಲ್ಲಿಗೆ ಬಂದು ಕೈಗೆ ಸಿಗುವ ತನಕ ಕ್ಷಯಕ್ಕೆ ಇದ್ದ ಮದ್ದು ವಿಶ್ರಾಂತಿ, ಗಾಳಿ, ಊಟ. ರೋಗಿ ಮಲಗಿಯೇ ಇರಬೇಕು.

ಮಲಗಿದವನಿಗೆ ಕಿವಿಯೊಂದು ಉಳಿದಿತ್ತಲ್ಲ. ಬೀದಿಯಲ್ಲಿ ಹಾದುಹೋಗುವ ಹೆಂಗಸರ ಮದುವೆ ಹಾಡು, ಬೀಸುವಾಗಿನ ಹಾಡು, ಮಳೆಗಾಲದ ಹಾಡು, ಭಿಕ್ಷೆಗೆ ಬಂದ ನಾಥಪಂಥದ ಜೋಗಿಯ ನಿರ್ಗುಣ ಭಜನೆ. ಮೊದಲು ಹೊತ್ತು ಹೋಗಲೆಂದು ಕೇಳಿದ್ದಿರಬೇಕು; ಆಮೇಲೆ ಬರೆದಿಟ್ಟುಕೊಳ್ಳತೊಡಗಿದರು. ಮಾಳವದ ಆ ಹಾಡುಗಳಲ್ಲಿ ಹೆಚ್ಚಿನವು ನಾಲ್ಕೈದು ಸ್ವರಗಳ ಒಳಗೇ ಸುತ್ತುವಂಥವು. ಅಂಥ ಇಕ್ಕಟ್ಟಿನಲ್ಲಿ ಯಾವ ಸ್ವರದ ಮೇಲೆ ಭಾರ ಬೀಳುತ್ತದೆ, ಯಾವುದನ್ನು ಮುಟ್ಟಿ ಬಿಡುತ್ತಾರೆ, ಹಾಡು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಅವರು ಗಮನಿಸಿದರು. ಎಷ್ಟೋ ಧುನ್‌ಗಳಲ್ಲಿ, ಅಂದರೆ ಹಾಡಿನ ಮಟ್ಟುಗಳಲ್ಲಿ, ಪರಿಚಿತ ರಾಗಗಳ ಎಳೆಗಳು ಸಿಕ್ಕವು. ಕೆಲವಲ್ಲಿ ಯಾವ ಗ್ರಂಥದಲ್ಲೂ ಹೆಸರಿಲ್ಲದ ರಾಗಗಳು ಅರೆ ಬಿರಿದು ನಿಂತಿದ್ದವು. ಅವನ್ನು ಬಿಡಿಸಿ, ಆರೋಹ ಅವರೋಹ ಗೊತ್ತುಮಾಡಿ, ಚೀಜು ಕಟ್ಟಿ, ವಿಸ್ತಾರಕ್ಕೆ ಹದಮಾಡಿ ‘ಧುನ್ ಉಗಮ್’ ರಾಗಗಳೆಂದು ಕರೆದರು. ಮಾಲವತಿ, ಸಂಜಾರಿ, ಮಧುಸುರ್ಜಾ, ಲಗನಗಂಧಾರ, ಅಹಿಮೋಹಿನಿ, ಸಹೇಲಿ ತೋಡಿ, ನಿಂದಿಯಾರಿ, ಬೀಹಡ್ ಭೈರವ.

ಇವುಗಳಲ್ಲಿ ಮಧುಸುರ್ಜಾದ ಪ್ರಸಿದ್ಧ ಬಂದಿಶನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ಮಾತಾಡುವುದು ಬಲಿಗೆಂದು ದೇವಿಯ ಬಳಿ ಒಯ್ಯುತ್ತಿರುವ ಒಂದು ಆಡು. ಮನೆಯಲ್ಲಿ ಮರಿ ಇದೆ, ಕಾಪಾಡು ತಾಯಿ ಎಂದು ದೇವಿಗೇ ಮೊರೆಯಿಡುತ್ತದೆ. ಖಯಾಲಿನ ಸಾಹಿತ್ಯ ಎಂದರೆ ಪಿಯಾ, ಸಖಿ, ಸಾಸು ನಣಂದಿಯರ ಕಾಟ ಎಂದು ರೂಢಿಯಾಗಿದ್ದ ಕಾಲದಲ್ಲಿ ಆಡಿನ ಅಳಲಿಗೆ ರಾಗ ಕಟ್ಟಿದ್ದು ಎಂಥ ಸಾಹಸ! ಗ್ರಾಮದೇವಿಯ ಜಾತ್ರೆ ಕಂಡು ಬೆಳೆದ ಬೆಳಗಾವಿ ಸೀಮೆಯವರಿಗೆ ಆ ಚಿತ್ರ ಹೊಸದಲ್ಲ. ಅದು ಮಧ್ಯಲಯದ ಚೀಜಾಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

ಸರಿಸುಮಾರು ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಇನ್ನೊಬ್ಬ ಸಂಗೀತಗಾರ ಹೀಗೇ ಕಿವಿಗೊಟ್ಟು ಕೂತಿದ್ದ. ಒಲಿವಿಯೆ ಮೆಸ್ಸಿಯಾನ್, 1908ರಲ್ಲಿ ಆವಿನ್ಯೊನಿನಲ್ಲಿ ಹುಟ್ಟಿದವನು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಾಗಿ ಗೋರ್ಲಿಟ್ಸ್‌ನ ಶಿಬಿರದಲ್ಲಿದ್ದಾಗ ‘ಕ್ವಾರ್ಟೆಟ್ ಫಾರ್ ದಿ ಎಂಡ್ ಆಫ್ ಟೈಮ್’ ರಚಿಸಿದ. 1941ರ ಜನವರಿ 15ರಂದು ಸೆರೆಯಾಳುಗಳೇ ಅದನ್ನು ನುಡಿಸಿದರು. ಅದರ ಮೊದಲ ಭಾಗದಲ್ಲಿ ಹಕ್ಕಿಗಳ ಕೂಗಿದೆ. ಪಿಯಾನೊ ಹಿಡಿಯುವ ಲಯದಲ್ಲಿ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ನಮ್ಮ ದೇಶೀ ತಾಳಗಳಿವೆ. ಆ ತಾಳಗಳು ಅವನಿಗೆ ಸಿಕ್ಕಿದ್ದು ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದ 120 ತಾಳಗಳ ಪಟ್ಟಿಯಿಂದ, ಒಂದು ಫ್ರೆಂಚ್ ವಿಶ್ವಕೋಶದ ಮೂಲಕ. ಶಾರ್ಙ್ಗದೇವ 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಸಿಂಘಣನ ಆಸ್ಥಾನದಲ್ಲಿದ್ದವನು. ರಟ್ಟರ ರಾಜಧಾನಿಯಾಗಿದ್ದ ಬೆಳಗಾವಿ ಸೇವುಣರ ಕೈಸೇರಿದ್ದೂ ಆ ಸಿಂಘಣನ ಆಳ್ವಿಕೆಯಲ್ಲೇ. ಬಳಿಕ 1950ರ ದಶಕದಲ್ಲಿ ಮೆಸ್ಸಿಯಾನ್ ಹೊಲ ಕಾಡು ಅಲೆದು ಹಕ್ಕಿಗಳ ಹಾಡನ್ನು ಸ್ವರಲಿಪಿಗಿಳಿಸಿ ಪಿಯಾನೊಕ್ಕೆ ಹದಿಮೂರು ರಚನೆಗಳ ಒಂದು ಮಾಲೆಯನ್ನೇ ಮಾಡಿದ. ಇಬ್ಬರಿಗೂ ಪರಸ್ಪರ ಸಂಬಂಧವೇನೂ ಇರಲಿಲ್ಲ, ಹೋಲಿಕೆಯನ್ನು ತುಂಬ ಎಳೆಯಲೂಬಾರದು. ಆದರೆ ಗ್ರಂಥ ಮತ್ತು ಗುರುಮನೆಯ ಆಚೆ ಕೇಳಿಬರುವ ಸದ್ದನ್ನೂ ಶಾಸ್ತ್ರದ ಒಳಗೆ ತರಬಹುದೆಂಬ ಧೈರ್ಯ ಆ ಶತಮಾನದ ನಡುವೆ ಎರಡು ಕಡೆ ಹುಟ್ಟಿದ್ದು ಕುತೂಹಲದ ಸಂಗತಿ. ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 1992ರಲ್ಲಿ.

1953ರಲ್ಲಿ ಕುಮಾರರು ಮತ್ತೆ ವೇದಿಕೆಗೆ ಬಂದರು. ಕೇಳಲು ಬಂದವರಿಗೆ ಸಿಕ್ಕಿದ್ದು ಹಳೆಯ ಮಾಯಾ ಬಾಲಕನಲ್ಲ. ಹಿಂದೆ ಎರಡು ತಂಬೂರಿ. ಅವುಗಳ ಶ್ರುತಿ ಕೂಡುವ ತನಕ, ಎಷ್ಟು ಹೊತ್ತಾದರೂ, ಬಾಯಿ ತೆರೆಯುತ್ತಿರಲಿಲ್ಲ. ಸಣ್ಣ ಸಣ್ಣ ಸ್ವರಗುಚ್ಛ, ನಡುವೆ ಮೌನ, ಇದ್ದಕ್ಕಿದ್ದಂತೆ ತಾರಷಡ್ಜಕ್ಕೆ ಜಿಗಿಯುವ ಕೂಗು, ಮರುಗಳಿಗೆ ಪಿಸುದನಿ. ವಿಲಂಬಿತದ ಮೆಟ್ಟಿಲು ಮೆಟ್ಟಿಲಾದ ಬಢತ್ ಕಾಯ್ದು ಕೂತ ಹಳಬರು ಮುಖ ಗಂಟಿಕ್ಕಿದರು. ವಿವಾದ ಅಲ್ಲಿಂದ ಶುರು. ಉಸಿರು ಸಾಲದ್ದಕ್ಕೆ ಹೀಗೆ ಹಾಡುತ್ತಾರೆ, ಅದನ್ನೇ ಶೈಲಿ ಎನ್ನುತ್ತಾರೆ ಎಂದವರು ಕೆಲವರು. ಘರಾಣೆಯ ಶಿಸ್ತನ್ನು ಕೆಡಿಸಿದರೆಂದು ಇನ್ನು ಕೆಲವರು. ಜನಪದ ಧುನ್‌ಗೆ ಆಲಾಪ ಹಚ್ಚಿದ ಮಾತ್ರಕ್ಕೆ ಅದು ರಾಗವಾಗುವುದೇ ಎಂಬುದು ಮೂರನೆಯ, ಕೊಂಚ ಗಟ್ಟಿಯಾದ ಆಕ್ಷೇಪ. ವಾಮನರಾವ್ ದೇಶಪಾಂಡೆಯಂಥ ವಿಮರ್ಶಕರು ಘರಾಣೆಗಳ ಲಕ್ಷಣ ಚರ್ಚಿಸುವಾಗ ಇವರನ್ನು ಎಲ್ಲಿ ಕೂಡಿಸುವುದೆಂದು ಬಗೆಬಗೆಯಾಗಿ ವಿಚಾರ ಮಾಡಿದರು. ಕುಮಾರರ ವಾದ ಸರಳ: ರಾಗಗಳು ಮೊದಲು ಹುಟ್ಟಿದ್ದೇ ಲೋಕದ ಧುನ್‌ಗಳಿಂದ, ನಾನು ಆ ದಾರಿಯಲ್ಲಿ ಮತ್ತೆ ನಡೆದಿದ್ದೇನೆ. ಇನ್ನು ಉಸಿರಿನ ಮಾತು. ಉಸಿರಿನ ಕೊರತೆ ಒಬ್ಬನಿಗೆ ಚಿಕ್ಕ ಆಲಾಪ ಕೊಡಬಹುದು, ಹೊಸ ರಾಗ ಕೊಡಲಾರದು. ಒಂದು ರಾಗದಲ್ಲಿ ಐದು ಚೀಜು ಕಟ್ಟಿ ಐದರಲ್ಲೂ ಬೇರೆ ಬೇರೆ ಮುಖ ತೋರಿಸುವುದು ಶ್ವಾಸಕೋಶದ ಕೆಲಸವಲ್ಲ.

ಮನೆಯಲ್ಲಿ ಮತ್ತೊಂದು ಪೆಟ್ಟು ಕಾದಿತ್ತು. 1956ರಲ್ಲಿ ಹಿರಿಯ ಮಗ ಮುಕುಲ್ ಹುಟ್ಟಿದ. 1961ರಲ್ಲಿ ಎರಡನೆಯ ಹೆರಿಗೆಯಲ್ಲಿ ಭಾನುಮತಿ ತೀರಿಕೊಂಡರು. ದೇವಾಸದ ಮನೆಗೆ ‘ಭಾನುಕುಲ’ ಎಂಬ ಹೆಸರು ಉಳಿಯಿತು. ಮರುವರ್ಷ ಕುಮಾರರು ದೇವಧರರ ಶಾಲೆಯಲ್ಲೇ ಕಲಿತ ವಸುಂಧರಾ ಶ್ರೀಖಂಡೆಯವರನ್ನು ಮದುವೆಯಾದರು. ಆಮೇಲಿನ ಮೂವತ್ತು ವರ್ಷಗಳ ಕಚೇರಿಗಳಲ್ಲಿ ಅವರ ದನಿಗೆ ಜೊತೆಯಾಗಿ ಕೇಳಿಸುವುದು ವಸುಂಧರಾ ಅವರ ದನಿ. ಅವರ ಮಗಳು ಕಲಾಪಿನಿ.

1960ರ ದಶಕ ಅವರ ರಚನೆಯ ಸುಗ್ಗಿಕಾಲ. 1965ರಲ್ಲಿ ಮುಂಬಯಿಯ ಮೌಜ್ ಪ್ರಕಾಶನ ‘ಅನೂಪರಾಗವಿಲಾಸ’ದ ಮೊದಲ ಭಾಗ ತಂದಿತು; ಸ್ವಂತ ರಚನೆಗಳನ್ನು ಸ್ವರಲಿಪಿಯೊಂದಿಗೆ ಒಬ್ಬ ಗಾಯಕ ಹೀಗೆ ಬಹಿರಂಗವಾಗಿ ಮುಂದಿಡುವುದು ಆಗ ಸಣ್ಣ ಮಾತಲ್ಲ. ಚೀಜುಗಳನ್ನು ಮಗನಿಗೂ ಪೂರ್ತಿ ಹೇಳಿಕೊಡದ ಉಸ್ತಾದರ ಕಾಲ ಇನ್ನೂ ಮುಗಿದಿರಲಿಲ್ಲ. ಜೊತೆಗೆ ಒಂದು ಸಂಜೆಯ ಕಚೇರಿಯನ್ನೇ ಒಂದು ರಚನೆಯಂತೆ ಹೆಣೆಯುವ ಪ್ರಯೋಗ: ‘ಗೀತ ವರ್ಷಾ’, ‘ಗೀತ ಹೇಮಂತ’, ‘ಗೀತ ವಸಂತ’, ಕಬೀರ, ಸೂರ, ಮೀರಾ ಮೂವರನ್ನು ಕೂಡಿಸಿದ ‘ತ್ರಿವೇಣಿ’, ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟ್ಯಗೀತೆಗಳನ್ನು ತಾನು ಅರಿತಂತೆ ಹಾಡಿದ ಇನ್ನೊಂದು ಕಾರ್ಯಕ್ರಮ. ಕೊನೆಯದರ ಬೇರು ಬೆಳಗಾವಿಯ ನಾಟಕದ ಟೆಂಟುಗಳಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ. 1969ರ ಗಾಂಧಿ ಶತಾಬ್ದಿಗೆ ‘ಗಾಂಧಿ ಮಲ್ಹಾರ’ ಎಂಬ ರಾಗವನ್ನೇ ಕಟ್ಟಿದರು. ವ್ಯಕ್ತಿಯ ಹೆಸರಿನ ರಾಗ ಎಂದರೆ ಸಾಮಾನ್ಯವಾಗಿ ಜಾಹೀರಾತಿನ ವಾಸನೆ ಹೊಡೆಯುತ್ತದೆ. ಮಿಯಾ ಮಲ್ಹಾರದ ಜಾಡಿನಲ್ಲಿ ಬಂದ ಇದು ಹಾಗಾಗಲಿಲ್ಲ.

ಇಷ್ಟಾದರೂ ಜನಸಾಮಾನ್ಯರ ಬಾಯಲ್ಲಿ ಉಳಿದದ್ದು ನಿರ್ಗುಣ ಭಜನೆಗಳು. ದೇವಾಸದಲ್ಲಿ ಯೋಗಿ ಶೀಲನಾಥ ಮಹಾರಾಜರ ಧುನಿಯ (ಅಗ್ನಿಕುಂಡದ) ಸುತ್ತ ನಾಥಪಂಥದ ಹಾಡಿನ ಪರಂಪರೆಯೊಂದಿತ್ತು. ಕಬೀರನನ್ನು ಅದುವರೆಗೆ ಕಚೇರಿಯ ಕೊನೆಗೆ ಮೃದುವಾಗಿ, ಭಕ್ತಿಯಿಂದ ಹಾಡುವುದು ವಾಡಿಕೆ. ಕುಮಾರರು ಜೋಗಿಗಳ ಖಡಕ್ ಉಚ್ಚಾರಣೆಯನ್ನೂ ಅವರ ಒಂಟಿತನವನ್ನೂ ದನಿಗೆ ತಂದುಕೊಂಡರು. ಹೊಳಪೆಲ್ಲ ಕಳಚಿದ ಸ್ವರ. ಒಂದೊಂದು ಮಾತೂ ಎಸೆದಂತೆ. ಮುಂದೆ ಲಿಂಡಾ ಹೆಸ್ ಅವರಂಥ ಅಮೆರಿಕದ ವಿದ್ವಾಂಸರು ಈ ಕಬೀರಗಾಯನದ ಮೇಲೆಯೇ ಪುಸ್ತಕ ಬರೆದರು. ಜಬ್ಬಾರ್ ಪಟೇಲ್ ಸಾಕ್ಷ್ಯಚಿತ್ರ ತೆಗೆದರು.

1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂದವು. 1992ರ ಜನವರಿ 12ರಂದು ದೇವಾಸದಲ್ಲೇ ತೀರಿಕೊಂಡರು. 2014ರಲ್ಲಿ ಅಂಚೆ ಇಲಾಖೆ ಎಂಟು ಸಂಗೀತಗಾರರ ಚೀಟಿಗಳನ್ನು ತಂದಾಗ ಅದರಲ್ಲಿ ನಾಲ್ವರು ಹಳೆಯ ಮುಂಬಯಿ ಕರ್ನಾಟಕದವರು: ಮನ್ಸೂರ, ಗಂಗೂಬಾಯಿ, ಭೀಮಸೇನ, ಕುಮಾರ. ಮಧ್ಯಪ್ರದೇಶ ಸರ್ಕಾರ ಅವರ ಹೆಸರಿನಲ್ಲಿ ರಾಷ್ಟ್ರೀಯ ಸಮ್ಮಾನ ಕೊಡುತ್ತದೆ. ಬೆಳಗಾವಿಯಲ್ಲಿ ಕುಮಾರ ಗಂಧರ್ವ ಕಲಾಮಂದಿರವಿದೆ. ಗಡಿಯ ಜಗಳ ಮೈಮೇಲೆ ಬಂದಾಗ ಈ ಊರಿನಲ್ಲಿ ಕನ್ನಡ, ಮರಾಠಿ ಎರಡೂ ಬಣದವರು ಅವರನ್ನು ತಮ್ಮವರೆನ್ನುತ್ತಾರೆ. ಒಂದು ಬಣಕ್ಕೆ ಕೊಂಕಾಳಿಮಠದ ಮಗ, ಇನ್ನೊಂದಕ್ಕೆ ಮರಾಠಿ ಲೇಖಕ ಪು. ಲ. ದೇಶಪಾಂಡೆಯವರ ಗೆಳೆಯ. ಆ ಪು. ಲ. ಕೂಡ ಒಂದು ಕಾಲಕ್ಕೆ ಇದೇ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಮೇಷ್ಟರಾಗಿದ್ದವರು. ಕುಮಾರರು ಕಟ್ಟಿದ ಚೀಜುಗಳ ಭಾಷೆ ಮಾತ್ರ ಬಹುಪಾಲು ಬ್ರಜ್, ಮಾಳವಿ.

‘ಅನೂಪರಾಗವಿಲಾಸ’ದ ಎರಡನೆಯ ಭಾಗ ಅವರು ಹೋದ ಮೇಲೆ ಅಚ್ಚಾಯಿತು. ಮುಕುಲ್, ಕಲಾಪಿನಿ, ಮೊಮ್ಮಗ ಭುವನೇಶ್, ಶಿಷ್ಯರಾದ ಸತ್ಯಶೀಲ ದೇಶಪಾಂಡೆ, ಮಧುಪ್ ಮುದ್ಗಲ್ ಮುಂತಾದವರ ಮೂಲಕ ರಚನೆಗಳು ಮುಂದೆ ಸಾಗಿವೆ. ಧುನ್ ಉಗಮ್ ರಾಗಗಳು ಈ ಬಳಗದ ಆಚೆಗೆ ಅಷ್ಟಾಗಿ ಹರಡಲಿಲ್ಲ. ಹಾಡಲು ಹೋದವರು ಕುಮಾರರ ನಕಲಿನಂತೆ ಕೇಳಿಸುವ ಅಪಾಯ ದೊಡ್ಡದು. ಹಳೆಯ ರಾಗಗಳಲ್ಲಿ ಕಟ್ಟಿದ ಬಂದಿಶುಗಳ ಗತಿ ಬೇರೆ. ಅವರ ಗಾಯನವನ್ನು ಒಪ್ಪದ ಘರಾಣೆಗಳ ತರುಣರೂ ಅವನ್ನು ತಮ್ಮ ಚಾಲಿಗೆ ಹೊಂದಿಸಿಕೊಂಡು, ಎಷ್ಟೋ ಸಲ ರಚಿಸಿದವರ ಹೆಸರನ್ನೂ ಹೇಳದೆ ಹಾಡುತ್ತಿದ್ದಾರೆ. ಹಾಡುಗಾರನಿಗೆ ಇದು ಅನ್ಯಾಯವೆನ್ನಿಸಬಹುದು. ವಾಗ್ಗೇಯಕಾರನಿಗೆ ಇದಕ್ಕಿಂತ ದೊಡ್ಡ ಮನ್ನಣೆ ನಮ್ಮ ಸಂಗೀತದಲ್ಲಿ ಹಿಂದಿನಿಂದಲೂ ಇಲ್ಲ.